ಬೇಲೆಕೇರಿ ಬೇರೆ, ಬೇಲಿಕೇರಿ ಬೇರೆ

ಆಗ ನನಗೆ ಐವತ್ತೆಂಟೋ ಐವತ್ತೊಂಬತ್ತೋ. ಇದೆಲ್ಲ ಆಗಿ ಹದಿನೆಂಟು ವರ್ಷವಾಯಿತು. ಮೊನ್ನೆ ಅಂಕೋಲೆ ಪೇಟೆಯಲ್ಲಿ ಮಿಕ್ಸರನ್ನು ರಿಪೇರಿಗೆ ಕೊಟ್ಟು ಅಂಗಡಿಯ ಬಾಗಿಲಲ್ಲಿ ಕೂತಿದ್ದೆ. ಒಳಗಿದ್ದವನು ಕಾದ ಕಡ್ಡಿಯನ್ನು ತಂತಿಗೆ ಮುಟ್ಟಿಸಿದ. ರಾಳ ಸುಟ್ಟ ಹೊಗೆ ಮೂಗಿಗೆ ಬಂತು. ಮಿಕ್ಸರಿನ ನೆನಪು ಹೋಯಿತು. ಶಾಲಿನಿಯ ಅಂಗಡಿ, ಆ ಮಳೆಗಾಲ, ನನ್ನ ಮೊಣಕಾಲು ಎಲ್ಲ ಒಟ್ಟಿಗೆ ಬಂದು ಎದುರು ನಿಂತವು.

ನಾನು ಯಾರನ್ನೂ ಸುಲಭಕ್ಕೆ ಹೊಗಳುವವಳಲ್ಲ. ನಮ್ಮ ಕಡೆಯವರೇ ಹಾಗೆ. ಊಟ ಎಷ್ಟೇ ರುಚಿಯಾಗಿರಲಿ, ಅಳಿಯ ಎಷ್ಟೇ ಒಳ್ಳೆಯವನಿರಲಿ, "ಅಡ್ಡಿಲ್ಲ" ಎಂದು ಮುಗಿಸುತ್ತೇವೆ. ಶಾಲಿನಿ ಎಂಬ ಆ ಹುಡುಗಿಯ ವಿಷಯದಲ್ಲಿ ಅಷ್ಟು ಹೇಳಿದರೆ ಸಾಲದು. ಅದಕ್ಕೆ ಬರೆಯುತ್ತಿದ್ದೇನೆ. ಅಕ್ಷರ ಕಲಿತದ್ದು ತಲೆ ನೆರೆತ ಮೇಲೆ. ತಪ್ಪು ಕಂಡರೆ ಓದುವವರು ತಿದ್ದಿಕೊಳ್ಳಲಿ.

ನಮ್ಮದು ಅಂಕೋಲೆಯಿಂದ ಬೇಲೆಕೇರಿಗೆ ಹೋಗುವ ಕಡೆಯ ಒಂದು ಕೇರಿ. ಮನೆಗಳ ಹಿಂದೆ ಗಜನಿ. ಗಜನಿ ಎಂದರೆ ಹೊಳೆ ಸಮುದ್ರ ಸೇರುವ ಕಡೆ ಒಡ್ಡು ಹಾಕಿ ಉಪ್ಪುನೀರಿನಿಂದ ಬಿಡಿಸಿಕೊಂಡ ಗದ್ದೆ. ಒಡ್ಡಿಗೆ ಮೂರು ಕಡೆ ಬಾಗಿಲು. ಈಗ ಸಿಮೆಂಟು ಕಬ್ಬಿಣ ಎಲ್ಲ ಬಂದಿದೆ, ಆಗ ಮರದ್ದು. ಸಮುದ್ರದ ಭರತಿ ಏರಿದಾಗ ಹೊರಗಿನ ನೀರೇ ಬಾಗಿಲನ್ನು ದೂಡಿ ಮುಚ್ಚುತ್ತದೆ. ಇಳಿದಾಗ ಒಳಗಿನ ಮಳೆನೀರು ದೂಡಿ ತೆರೆಯುತ್ತದೆ. ಕೇಳಲಿಕ್ಕೆ ಸುಲಭ. ಆದರೆ ಒಂದು ತೆಂಗಿನ ಹೆಡೆಯೋ, ಎಂದರೆ ಒಣಗಿ ಬಿದ್ದ ಗರಿಯೋ, ಮರದ ಕೊರಡೋ ಬಂದು ಸಂದಿಗೆ ಸಿಕ್ಕಿಕೊಂಡರೆ ಬಾಗಿಲು ಮುಚ್ಚುವುದಿಲ್ಲ, ಉಪ್ಪುನೀರು ಗದ್ದೆಗೆ ನುಗ್ಗುತ್ತದೆ. ನಾವು ಬಿತ್ತುವುದು ಕಗ್ಗ ಭತ್ತ. ಉಪ್ಪಿಗೆ ಹೆದರದ ಜಾತಿ ಎಂದು ಹೆಸರು. ಆದರೆ ಮೊಳಕೆಯಾಗಿದ್ದಾಗ ಅದೂ ಕೂಸೇ. ಒಂದು ದೊಡ್ಡ ಭರತಿಯ ನೀರು ನಿಂತರೆ ಇಡೀ ಕೇರಿಯ ವರ್ಷದ ಅನ್ನ ಹೋಯಿತು.

ಆದ್ದರಿಂದ ಬಾಗಿಲು ಕಾಯಲು ಒಬ್ಬರು ಬೇಕು. ಮೊದಲು ನನ್ನ ಗಂಡ ಕಾಯುತ್ತಿದ್ದ. ಅವನು ಸತ್ತ ಮೇಲೆ ನಾನು ನಿಂತೆ. ಹೆಂಗಸು ಹೊತ್ತಿಲ್ಲದ ಹೊತ್ತಿನಲ್ಲಿ ಒಡ್ಡಿನ ಮೇಲೆ ತಿರುಗುವುದೇ ಎಂದು ಕೆಲವರು ಬಾಯಿ ಮಾಡಿದರು. ಹಾಗಾದರೆ ನೀವೇ ತಿರುಗಿ ಎಂದೆ. ಯಾರೂ ಮುಂದೆ ಬರಲಿಲ್ಲ. ಕಾಯುವವರಿಗೆ ಪದ್ಧತಿಯಂತೆ ಸಿಗುವುದು ಒಂದೇ ಹಕ್ಕು. ನೀರು ಇಳಿಯುವಾಗ ಬಾಗಿಲ ಬಾಯಿಗೆ ಬಲೆ ಕಟ್ಟಬಹುದು. ಸಿಗಡಿ, ಏಡಿ, ಸಣ್ಣ ಮೀನು, ಬಿದ್ದದ್ದೆಲ್ಲ ಕಾಯುವವರದು. ನನ್ನ ಒಲೆ ಉರಿಯುತ್ತಿದ್ದದ್ದು ಆ ಬಲೆಯಿಂದ.

ಆ ಬೇಸಿಗೆಯಲ್ಲಿ ನನ್ನ ಬಲಮೊಣಕಾಲು ಕೈಕೊಟ್ಟಿತು. ಹಗಲಿಗೊಂದು ಭರತಿ, ರಾತ್ರಿಗೊಂದು ಭರತಿ. ಪ್ರತಿ ಸಲ ಮೂರು ಬಾಗಿಲಿಗೂ ನಡೆದು ನೋಡಿ ಬರಬೇಕು. ಗಜನಿಯವರ ಮುಖ್ಯಸ್ಥ ಬೊಮ್ಮಯ್ಯ ನಾನು ಕೋಲು ಊರಿ ಹೋಗುವುದನ್ನು ಕಂಡ. ಕೆಟ್ಟವನಲ್ಲ. ಗದ್ದೆಯ ಮೇಲೆ ಅವನಿಗೆ ಪ್ರೀತಿ ಹೆಚ್ಚು, ಮನುಷ್ಯರ ಮೇಲೆ ಸ್ವಲ್ಪ ಕಡಿಮೆ.

"ಹೊನ್ನಮ್ಮಾ, ನಿನ್ನ ಕಾಲಿನ ಕತೆ ಮುಗೀತು. ಈ ಮಳೆಗಾಲ ಬಾಗ್ಲು ನನ್ನ ತಮ್ಮನ ಮಗಂಗೆ ಕೊಡುವ," ಎಂದ.

"ನಿನ್ನ ತಮ್ಮನ ಮಗ ಮಲಗಿದ್ರೆ ಭರತಿ ಬಂದು ಅಂಗಾಲು ನೆಕ್ಕಿದ್ರೂ ಏಳುದಿಲ್ಲ."

"ಅವನ್ನ ನಾವು ಏಳಿಸ್ತೇವೆ. ನಿನ್ನ ಕಾಲು ಏಳಿಸುದು ಯಾರ ಹತ್ರ ಆತದೆ?"

ಬಾಗಿಲು ಹೋದರೆ ಬಲೆ ಹೋಯಿತು. ಬಲೆ ಹೋದರೆ ಈ ವಯಸ್ಸಿನಲ್ಲಿ ಯಾರದೋ ಮನೆಯ ಪಾತ್ರೆ ತಿಕ್ಕಲು ಹೋಗಬೇಕು.

ಶಾಲಿನಿ ನನ್ನ ಸಿಗಡಿಯ ಗಿರಾಕಿ. ಅವಳ ಊರು ಕಾರವಾರದ ಆಚೆಯ ಹಣಕೋಣ, ಮನೆಮಾತು ಕೊಂಕಣಿ, ವಯಸ್ಸು ಮೂವತ್ತರ ಹತ್ತಿರ. ಅವಳೂ ನಮ್ಮ ಅಂಕೋಲೆಯ ಗಣಪತಿ ಎಂಬ ಹುಡುಗನೂ ಕಾರವಾರದಲ್ಲಿ ಒಂದೇ ಕ್ಲಾಸಿನಲ್ಲಿ ಡಿಪ್ಲೊಮಾ ಓದಿದವರು. ಇಬ್ಬರೂ ಕೂಡಿ ಪೇಟೆಯಲ್ಲಿ ಒಂದು ಅಂಗಡಿ ಹಾಕಿದ್ದರು. ಪಂಪು, ಇನ್ವರ್ಟರು, ಐಸ್ ಫ್ಯಾಕ್ಟರಿಯ ಮಶೀನು, ಇವುಗಳ ಹೊಟ್ಟೆಯಲ್ಲಿ ಒಂದು ಹಸಿರು ಹಲಗೆ ಇರುತ್ತದಲ್ಲ, ಆ ಹಲಗೆಗೆ ಚಿತ್ರ ತೆಗೆಯುವುದು ಅವರ ಕೆಲಸ. ಚಿತ್ರವನ್ನು ದೊಡ್ಡ ಊರಿಗೆ ಕಳಿಸಿದರೆ ಹಲಗೆ ಅಚ್ಚಾಗಿ ಬರುತ್ತಿತ್ತು. ಹುಡುಗ ಹುಡುಗಿ ಒಂದೇ ಅಂಗಡಿಯಲ್ಲಿ ಎಂದು ಪೇಟೆಯವರು ಮೊದಮೊದಲು ಬಾಯಿ ಚಪ್ಪರಿಸಿದರು. ಇಬ್ಬರೂ ಬೆಳಗಿನಿಂದ ಸಂಜೆವರೆಗೆ ಜಗಳವಾಡುವುದನ್ನು ಕೇಳಿ, ಓಹೋ ಆಗಲೇ ಮದುವೆಯಾಗಿರಬೇಕು ಎಂದು ಬಿಟ್ಟರು. ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ಎದುರಿನ ರಸ್ತೆಯಲ್ಲಿ ಅದಿರಿನ ಲಾರಿ ಸಾಲುಗಟ್ಟಿ ಓಡುವ ಕಾಲ ಅದು. ಎಲ್ಲದರ ಮೇಲೂ ಕೆಂಪು ಧೂಳು. ಅವಳು ಕಂಪ್ಯೂಟರಿಗೆ ಹಳೆ ಸೀರೆಯ ತುಂಡು ಹೊದಿಸಿ ಇಡುತ್ತಿದ್ದಳು, ಬಾಣಂತಿ ಕೂಸಿಗೆ ಹೊದಿಸಿದ ಹಾಗೆ.

"ಮಾವಶಿ, ಕಾಲಿಗೆ ಏನಾಯ್ತು?" ಎಂದು ಒಂದು ದಿನ ಕೇಳಿದಳು. ಚಿಕ್ಕಮ್ಮನನ್ನು ಕೊಂಕಣಿಯವರು ಕರೆಯುವುದು ಹಾಗೆ. ಹೇಳಿದೆ. ಕಾಲಿನದು, ಬಾಗಿಲಿನದು, ಬೊಮ್ಮಯ್ಯನದು ಎಲ್ಲ ಹೇಳಿದೆ. ಅಯ್ಯೋ ಪಾಪ ಎನ್ನಲಿಲ್ಲ. ಅದು ನನಗೆ ಹಿಡಿಸಿತು.

"ಉಪ್ಪುನೀರು ಒಳಗೆ ಬಂದದ್ದು ನಿಮಗೆ ಹೇಗೆ ತಿಳೀತದೆ?"

"ನಾಲಿಗೆಗೆ ಇಟ್ಟು ನೋಡುದು. ಮತ್ತೆ ಹ್ಯಾಂಗೆ?"

"ನಾಲಿಗೆ ಬದಲು ಎರಡು ಸರಳು ಇಟ್ರೆ?" ಎಂದಳು. ಉಪ್ಪುನೀರಿನಲ್ಲಿ ಕರೆಂಟು ಚೆನ್ನಾಗಿ ಹರಿಯುತ್ತದಂತೆ, ಮಳೆನೀರಿನಲ್ಲಿ ಅಷ್ಟು ಹರಿಯದಂತೆ. ಪ್ರತಿ ಬಾಗಿಲ ಒಳಬದಿಗೆ ಒಂದು ಜೋಡಿ ಸರಳು ನೆಟ್ಟು, ತೆಂಗಿನ ಮರದಿಂದ ತೆಂಗಿನ ಮರಕ್ಕೆ ತಂತಿ ಎಳೆದು, ನನ್ನ ಜಗಲಿಗೆ ತಂದರೆ ಅಲ್ಲಿ ಒಂದು ಗಂಟೆ, ಮೂರು ದೀಪ. ಉಪ್ಪುನೀರು ಮುಟ್ಟಿದರೆ ಗಂಟೆ ಹೊಡೆಯಬೇಕು, ಯಾವ ಬಾಗಿಲೆಂದು ದೀಪ ಹೇಳಬೇಕು. ನಡೆಯುವುದು ಕರೆದಾಗ ಮಾತ್ರ.

ಗಣಪತಿ ತಲೆ ಚಚ್ಚಿಕೊಂಡ. "ಶುರುವಾತು! ಐಸ್ ಫ್ಯಾಕ್ಟರಿಯಂವ ದಿನಾ ಬಂದು ಉಗೀತ ಅವ್ನೆ. ಇವಳಿಗೆ ಗಜನಿ ಬೇಕು."

"ಐಸ್ ಕರಗ್ಲಿ. ಮಾವಶಿ ಬಲೆ ಹೋದ್ರೆ ನಿಂಗೆ ಸಿಗಡಿ ಯಾರು ತರ್ತಾರೆ?" ಎಂದಳು ಶಾಲಿನಿ. ಅವನು ಬಾಯಿ ಮುಚ್ಚಿದ. ಸಿಗಡಿಯ ಮುಂದೆ ನಮ್ಮ ಗಂಡಸರ ತತ್ವ ನಿಲ್ಲುವುದಿಲ್ಲ.

ಬೊಮ್ಮಯ್ಯನನ್ನೂ ಒಪ್ಪಿಸಿದೆವು. "ಬಿತ್ತನೆ ಮುಂಚೆ ಮೂರೂ ಬಾಗಿಲ ಗಂಟೆ ಹೊಡ್ದು ತೋರ್ಸಿ. ಹೊಡೆದ್ರೆ ಕಾವಲು ಹೊನ್ನಮ್ಮಂದೇ. ಒಂದು ತಪ್ಪಿದ್ರೂ ನನ್ನ ತಮ್ಮನ ಮಗಂದು," ಎಂದ. ನ್ಯಾಯದ ಮಾತೇ. ಬಾಗಿಲು ಮೂರಿದ್ದು ಎರಡಕ್ಕೆ ಮಾತ್ರ ಗಂಟೆ ಎಂದರೆ, ಮೂರನೆಯದಕ್ಕೆ ಕಾಲು ಬೇಕೇ ಬೇಕು.

ಅಲ್ಲಿಂದ ಮಳೆ ಹಿಡಿಯುವವರೆಗೆ ಸಿಗಡಿ ಕೊಟ್ಟಾದ ಮೇಲೆ ಆ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂರುವುದು ನನಗೆ ರೂಢಿಯಾಯಿತು. ಅವಳು ಚಿತ್ರ ತೆಗೆಯುವುದನ್ನು ನೋಡುತ್ತಿದ್ದೆ. ಚಿತ್ರವೆಂದರೆ ಹೂವು ಬಳ್ಳಿ ಎಂದುಕೊಂಡಿದ್ದೆ. ಅಲ್ಲಿ ಇದ್ದದ್ದು ಐದು ಚೌಕ ಪೆಟ್ಟಿಗೆ, ಪೆಟ್ಟಿಗೆಯಿಂದ ಹೊರಟ ಗೆರೆ.

"ಇಷ್ಟೇಯಾ?" ಎಂದೆ. "ಇದ್ನ ನಾನೂ ಅಂಗಳದಲ್ಲಿ ಇದ್ದಿಲಲ್ಲಿ ಬರೀತೆ."

ಅವಳು ನಕ್ಕು ಒಂದು ಪೆಟ್ಟಿಗೆಯನ್ನು ಮೌಸಿನಿಂದ ಒತ್ತಿದಳು. ಪೆಟ್ಟಿಗೆ ತೆರೆದುಕೊಂಡಿತು. ಒಳಗೆ ಇನ್ನೊಂದು ಇಡೀ ಹಾಳೆ! ಅಲ್ಲಿ ಗೆರೆ, ಚುಕ್ಕೆ, ಕಾಲುಗಳು, ಇರುವೆ ಸಾಲಿನಷ್ಟು ಅಕ್ಷರ. ಹೊರಗೆ ಬಂದರೆ ಮತ್ತೆ ಐದು ಪೆಟ್ಟಿಗೆ ಸುಮ್ಮನೆ ಕೂತಿವೆ. ಮೂರು ಪೆಟ್ಟಿಗೆ ಮೂರು ಬಾಗಿಲಿಗೆ, ಒಂದು ಬ್ಯಾಟರಿಗೆ, ಒಂದು ಗಂಟೆ ಮತ್ತು ದೀಪಕ್ಕೆ. ಮೇಲಿನ ಹಾಳೆಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದಷ್ಟೇ. ಮನೆಯೊಳಗಿನ ಗುಟ್ಟು ಮನೆಯೊಳಗೆ.

ಇನ್ನೊಂದು ಸೋಜಿಗ ತೋರಿಸಿದಳು. ಬಾಗಿಲ ಪೆಟ್ಟಿಗೆಗಳು ಮೂರಿದ್ದರೂ ಒಳಗಿನ ಹಾಳೆ ಬರೆದದ್ದು ಒಂದೇ. ಆ ಒಂದರಲ್ಲಿ ಏನೋ ಬದಲಿಸಿದಳು. ಮೂರೂ ಪೆಟ್ಟಿಗೆ ತೆರೆದು ತೋರಿಸಿದಳು. ಮೂರರಲ್ಲೂ ಬದಲಾಗಿತ್ತು.

"ಇದು ಸೋಮಾರಿಗಳ ಕೆಲ್ಸ," ಎಂದೆ.

"ಹೌದು ಮಾವಶಿ. ಇಷ್ಟು ಸೋಮಾರಿ ಆಗ್ಬೇಕಾದ್ರೆ ತುಂಬ ಯೋಚನೆ ಮಾಡ್ಬೇಕು," ಎಂದಳು.

ನನಗೆ ಒಂದು ಸಂಶಯ ಬಂತು. ಮೂರು ಪೆಟ್ಟಿಗೆಯ ಒಳಗೂ ಅದೇ ಹಾಳೆಯಾದರೆ ತಂತಿಗಳ ಹೆಸರೂ ಅವೇ. ಈ ಬಾಗಿಲ ತಂತಿ ಆ ಬಾಗಿಲ ತಂತಿಯ ಜೊತೆ ಕಲಸಿಹೋಗುವುದಿಲ್ಲವೇ? ಕೇಳಿದೆ.

ಅವಳು ಕುರ್ಚಿ ತಿರುಗಿಸಿ ನನ್ನ ಕಡೆ ಕೂತಳು. "ನಿಮ್ಮ ಕೇರಿಯಲ್ಲಿ ಹೊನ್ನಮ್ಮ ಅಂತ ಎಷ್ಟು ಜನ?"

"ಮೂರ್ನಾಲ್ಕು ಜನ ಇದ್ದೇವೆ. ಹೊಳೆಮನೆ ಹೊನ್ನಮ್ಮ, ಬಾವಿಮನೆ ಹೊನ್ನಮ್ಮ, ನಾನು ಬಾಗ್ಲ ಹೊನ್ನಮ್ಮ."

"ಮನೆಯೊಳಗೆ ಕರೆಯುವಾಗ?"

"ಮನೆಯೊಳಗೆ ಎಂತಕೆ ಮನೆ ಹೆಸ್ರು? ಬರೀ ಹೊನ್ನಮ್ಮ."

"ಇಲ್ಲೂ ಅದೇ. ಪೆಟ್ಟಿಗೆ ಒಳಗೆ ಬರೀ ಹೆಸರು, ಹೊರಗೆ ಬಂದ್ರೆ ಮನೆ ಹೆಸರು ಸೇರಿಸಿ. ಕಲಸೂದಿಲ್ಲ. ಬ್ಯಾಟರಿಯ ನೆಲದ ತಂತಿ ಒಂದು ಮಾತ್ರ ಎಲ್ಲಾ ಮನೆಗೂ ಒಂದೇ. ಸಮುದ್ರ ಅಂದ್ರೆ ಯಾವ ಮನೆ ಸಮುದ್ರ ಅಂತ ಯಾರಾದ್ರೂ ಕೇಳ್ತಾರಾ?"

ಯಾರೂ ಕೇಳುವುದಿಲ್ಲ. ನನಗೆ ಪಾಠ ಹೇಳಿದವರು ಬಹಳ ಜನ ಇಲ್ಲ. ಹೇಳಿದವರಲ್ಲಿ ಹೀಗೆ ಹೇಳಿದವರು ಯಾರೂ ಇಲ್ಲ. ದೊಡ್ಡ ವಿಷಯವನ್ನು ಚಿಕ್ಕದು ಮಾಡಿ ಎಸೆಯಲಿಲ್ಲ, ಅದನ್ನು ನನ್ನ ಅಂಗಳಕ್ಕೆ ತಂದು ನಿಲ್ಲಿಸಿದಳು.

ಕೆಲಸ ಹಂಚಿಕೊಂಡಿದ್ದರು. ಬಾಗಿಲ ಪೆಟ್ಟಿಗೆಗಳು ಶಾಲಿನಿಯವು, ಗಂಟೆ ದೀಪದ ಪೆಟ್ಟಿಗೆ ಗಣಪತಿಯದು. ಅವಳ ಪೆಟ್ಟಿಗೆಯಿಂದ ಅವನ ಪೆಟ್ಟಿಗೆಗೆ ಉದ್ದ ಗೆರೆ ಎಳೆದರೆ ಹಾಳೆಯೆಲ್ಲ ಗೆರೆ ಆಗುತ್ತದೆಂದು, ಎರಡೂ ಕಡೆ ತುಂಡು ಗೆರೆ ಎಳೆದು ಅದರ ಮೇಲೆ ಒಂದೇ ಹೆಸರು ಬರೆಯುವುದು. ಹೆಸರು ಒಂದೇ ಇದ್ದರೆ ಗೆರೆ ಕೂಡಿದಂತೆಯೇ ಲೆಕ್ಕ. ಬಾಗಿಲುಗಳಿಗೆ ನಾವು ಕರೆಯುವ ಹೆಸರನ್ನೇ ಇಟ್ಟರು. ದೊಡ್ಡ ಬಾಗಿಲು, ನಡುಬಾಗಿಲು, ಬೇಲೆಕೇರಿ ಕಡೆಯ ಬಾಗಿಲು. ಬರೆದದ್ದು ಇಂಗ್ಲಿಷಿನಲ್ಲಿ.

ಹಲಗೆ ಅಚ್ಚಾಗಿ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಗಜನಿಯಲ್ಲಿ ಉಪ್ಪು ತೊಳೆದುಹೋಗುವಷ್ಟು ನೀರು ಬಿದ್ದು, ಎಲ್ಲರ ಮನೆಯಲ್ಲೂ ಬೀಜ ನೆನೆಹಾಕಿದ್ದರು. ಕೊಡೆ ಹಿಡಿದು ಕೇರಿಯವರೆಲ್ಲ ನನ್ನ ಜಗಲಿಯಲ್ಲಿ ಸೇರಿದರು. ಗಣಪತಿ ಒಂದು ಬಕೆಟ್ಟಿನಲ್ಲಿ ಸಮುದ್ರದ ನೀರು ಹೊತ್ತು ಬಾಗಿಲಿನಿಂದ ಬಾಗಿಲಿಗೆ ಹೋಗಿ ಸರಳು ಅದ್ದುವುದು, ನಾವು ಇಲ್ಲಿ ಕೇಳುವುದು. ದೊಡ್ಡ ಬಾಗಿಲಿಗೆ ಗಂಟೆ ಹೊಡೆಯಿತು, ಕೆಂಪು ದೀಪ ಹತ್ತಿತು. ಮಕ್ಕಳೆಲ್ಲ ಕುಣಿದವು. ನಡುಬಾಗಿಲಿಗೂ ಹೊಡೆಯಿತು, ಹಸಿರು ದೀಪ. ಬೇಲೆಕೇರಿ ಬಾಗಿಲಿನಿಂದ ಗಣಪತಿ ಕೂಗಿದ. ಗಂಟೆ ಇಲ್ಲ. ಮತ್ತೆ ಕೂಗಿದ. ಹಳದಿ ದೀಪ ಸತ್ತವನ ಕಣ್ಣಿನ ಹಾಗೆ ಸುಮ್ಮನಿತ್ತು. ಮಳೆಯ ಸದ್ದು ಮಾತ್ರ.

"ಎರಡಕ್ಕೆ ಶಾಭಾಸ್," ಎಂದ ಬೊಮ್ಮಯ್ಯ. "ಮೂರನೇದು ತಪ್ಪಿತು. ಬಾಗ್ಲು ತಮ್ಮನ ಮಗಂದು."

"ಅಮಾಸೆ ತನಕ ಟೈಮ್ ಕೊಡು ಬೊಮ್ಮಯ್ಯಣ್ಣ," ಎಂದೆ. ನಾನು ಯಾರನ್ನೂ ಬೇಡಿದವಳಲ್ಲ. ಅವನಿಗೂ ಅದು ಗೊತ್ತು.

ಒಡ್ಡಿನ ಕಡೆ ಒಮ್ಮೆ ನೋಡಿ ಹೇಳಿದ. "ಬಿತ್ತನೆ ನಿಲ್ಲುದಿಲ್ಲ. ಅಮಾಸೆ ಭರತಿ ಒಳಗೆ ಸರಿ ಆದ್ರೆ ಆತು. ಇಲ್ಲಾಂದ್ರೆ ಮತ್ತೆ ಮಾತಾಡುಕೆ ಬರ್ಬೇಡ."

ಗಣಪತಿ ಮಳೆಯಲ್ಲಿ ತೆಂಗಿನ ಮರದಿಂದ ತೆಂಗಿನ ಮರಕ್ಕೆ ತಂತಿ ಹಿಡಿದು ನೋಡುತ್ತ ಹೋದ. ತಂತಿ ಸರಿಯಾಗಿತ್ತು. ಶಾಲಿನಿ ಕೆಸರಿನಲ್ಲಿ ಇಳಿದು ಸರಳು ಕಿತ್ತು ತಿಕ್ಕಿ ಮತ್ತೆ ನೆಟ್ಟಳು. ಸರಳೂ ಸರಿಯಾಗಿತ್ತು. ಹಲಗೆ ಬಿಚ್ಚಿಕೊಂಡು ಅಂಗಡಿಗೆ ಹೋದರು. ನಾನೂ ಬಸ್ಸು ಹತ್ತಿದೆ. ಮನೆಯಲ್ಲಿ ಕೂತು ಮಾಡುವುದೇನಿತ್ತು?

"ಹಲಗೆ ಅಚ್ಚು ಮಾಡ್ದವ್ರದೇ ತಪ್ಪು," ಎಂದ ಗಣಪತಿ.

"ಅವರು ನಾವು ಕೊಟ್ಟ ಚಿತ್ರದ ಹಾಗೇ ಮಾಡಿದಾರೆ. ಚಿತ್ರ ನೋಡುವಾ."

ಚಿತ್ರ ತೆರೆದರು. ಮೇಲಿನ ಹಾಳೆಯಲ್ಲಿ ಎಲ್ಲ ಸರಿ ಇದ್ದಂತೆ ಕಂಡಿತು. ಅವಳ ಪೆಟ್ಟಿಗೆಯ ಗೆರೆಯ ಮೇಲೆ ಬೇಲೆಕೇರಿ, ಅವನ ಪೆಟ್ಟಿಗೆಯ ಗೆರೆಯ ಮೇಲೆ ಬೇಲೆಕೇರಿ. ಪೆಟ್ಟಿಗೆಗಳ ಒಳಗೆ ಇಳಿದು ನೋಡಿದರು. ಮೂರೂ ಒಂದೇ ಹಾಳೆಯಾದ್ದರಿಂದ ಒಂದು ಕೆಟ್ಟು ಎರಡು ಒಳ್ಳೆಯದಿರಲು ಸಾಧ್ಯವಿಲ್ಲ ಎಂದಳು. "ತಪ್ಪು ಪೆಟ್ಟಿಗೆಯೊಳಗೆ ಇಲ್ಲ, ಪೆಟ್ಟಿಗೆ ಪೆಟ್ಟಿಗೆಯ ನಡುವೆ ಇದೆ." ಇದು ನನಗೂ ಅರ್ಥವಾಯಿತು.

ಆಗ ಒಂದು ಉದ್ದ ಕಾಗದ ಪ್ರಿಂಟ್ ಮಾಡಿದಳು. ಅದಕ್ಕೆ ನೆಟ್‌ಲಿಸ್ಟ್ ಎಂದು ಹೆಸರು.

"ನೆಟ್ ಅಂದ್ರೆ ಬಲೆ ಹೊನ್ನಕ್ಕ, ಬಲೆ ಪಟ್ಟಿ," ಎಂದ ಗಣಪತಿ.

"ನನ್ನ ಬಲೆ ಅದ್ರಲ್ಲಿ ಅದೆಯೋ ಹೋತೋ, ಅಷ್ಟು ನೋಡಿ ಹೇಳು ಮಾರಾಯ," ಎಂದೆ.

ಗೆರೆ ಕಾಣುವುದು ನಮ್ಮ ಕಣ್ಣಿಗೆ. ಕಂಪ್ಯೂಟರಿಗೆ ಗೊತ್ತಿರುವುದು ಈ ಪಟ್ಟಿ ಎಂದು ಶಾಲಿನಿ ಹೇಳಿದಳು. ಒಂದು ತಂತಿಗೆ ಒಂದು ಹೆಸರು, ಒಂದು ಸಾಲು. ಅದರ ಮುಂದೆ ಆ ತಂತಿಗೆ ಕೂಡಿದ ನೆಂಟರೆಲ್ಲರ ಕಾಲು; ಬಿಡಿಭಾಗದಿಂದ ಹೊರಟ ಲೋಹದ ಕಡ್ಡಿಗೆ ಅವರು ಕಾಲು ಎನ್ನುತ್ತಾರೆ. ಹಲಗೆ ಹುಟ್ಟುವುದು ಈ ಪಟ್ಟಿಯಿಂದ. ಇದರಲ್ಲಿ ನೆಂಟಸ್ತಿಕೆ ಇಲ್ಲದಿದ್ದರೆ ಹಲಗೆಯ ಮೇಲೂ ಇಲ್ಲ.

ಗಣಪತಿ ಓದುತ್ತ ಹೋದ. ಅವಳು ಇನ್ನೊಂದು ಪ್ರತಿಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಕಣ್ಣು ಮುಚ್ಚಿ ಬೆರಳು ಮಡಚುತ್ತ ಕೇಳಿದಳು. ನೋಡಿದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎಂದಳು. ಓದಿದ, ಓದಿದ. ನನಗೆ ತೂಕಡಿಕೆ ಬರುವಷ್ಟು ಓದಿದ. ಬೇಲೆಕೇರಿ ಬಂತು, ಅವಳ ಪೆಟ್ಟಿಗೆಯ ಎರಡು ಕಾಲು ಹೇಳಿದ, ಬೇಲೆಕೇರಿ ಎಂದು ದೀಪದ ಪೆಟ್ಟಿಗೆಯ ಎರಡು ಕಾಲು ಹೇಳಿದ. ದೊಡ್ಡ ಬಾಗಿಲು ಬಂತು, ನಡುಬಾಗಿಲು ಬಂತು. ಪಟ್ಟಿ ಮುಗಿಯಿತು.

"ಎಲ್ಲಾ ಸರಿ ಅದೆ," ಎಂದ. "ನಾ ಹೇಳ್ಲಿಲ್ವಾ? ಅಚ್ಚಿನವ್ರದೇ."

ಶಾಲಿನಿ ಕಣ್ಣು ತೆರೆಯಲಿಲ್ಲ. "ಬೇಲೆಕೇರಿ ಅಂತ ನೀ ಎರಡು ಸಲ ಹೇಳಿದೆ."

"ಎರಡು ಸಲ ಅದೆ, ಎರಡು ಸಲ ಹೇಳ್ದೆ. ಒಂದು ಸಾಲಲ್ಲಿ ನಿಂದು, ಕೆಳಗಿನ ಸಾಲಲ್ಲಿ ನಂದು."

"ದೊಡ್ಡ ಬಾಗಿಲು ಎಷ್ಟು ಸಲ?"

"ಒಂದು."

"ನಡುಬಾಗಿಲು?"

"ಒಂದು..."

"ಒಂದು ಹೆಸರು ಪಟ್ಟಿಯಲ್ಲಿ ಎರಡು ಸಲ ಬರೂದಿಲ್ಲ ಗಣಪತಿ. ಹೆಸರು ಓದ್ಬೇಡ. ಅಕ್ಷರ ಓದು."

ಅವನು ಓದಿದ. ಮೊದಲ ಸಾಲು: ಬಿ, ಇ, ಎಲ್, ಇ, ಕೆ... ಎರಡನೆಯ ಸಾಲು: ಬಿ, ಇ, ಎಲ್, ಐ... ಅಲ್ಲಿಗೆ ನಿಂತ.

ಎದುರು ರಸ್ತೆಯಲ್ಲಿ ಬಸ್ಸು ಹೋಯಿತು. ನಮ್ಮ ಕಡೆ ಬಸ್ಸಿನ ಬೋರ್ಡಿನ ಮೇಲೆ ಒಂದು ತರ ಇರುತ್ತದೆ, ಮೈಲುಗಲ್ಲಿನ ಮೇಲೆ ಇನ್ನೊಂದು ತರ. ಕೆಲವರು ಬೇಲೆಕೇರಿ ಎನ್ನುತ್ತಾರೆ, ಕೆಲವರ ಬಾಯಲ್ಲಿ ಬೇಲಿಕೇರಿ. ಅಜ್ಜನ ಕಾಲದಿಂದ ಹೀಗೇ ಇದೆ, ಇಲ್ಲಿಯತನಕ ಒಬ್ಬನೂ ದಾರಿ ತಪ್ಪಲಿಲ್ಲ. ದಾರಿ ತಪ್ಪಿದ್ದು ಆ ಕಂಪ್ಯೂಟರೊಂದೇ. ಅದಕ್ಕೆ ಬೇಲೆಕೇರಿ ಒಂದು ಊರು, ಬೇಲಿಕೇರಿ ಇನ್ನೊಂದು ಊರು. ಶಾಲಿನಿಯ ತಂತಿ ಒಂದು ಊರಿಗೆ ಹೋಗಿ ಕಾಯುತ್ತ ಕೂತಿತ್ತು, ಗಣಪತಿಯ ತಂತಿ ಇನ್ನೊಂದು ಊರಲ್ಲಿ ಕಾಯುತ್ತ ಕೂತಿತ್ತು. ಎರಡಕ್ಕೂ ಅಲ್ಲಲ್ಲಿಯೇ ಜೊತೆಯವರಿದ್ದರು, ಹಾಗಾಗಿ ಒಂಟಿ ಎಂದು ಕಂಪ್ಯೂಟರ್ ದೂರಲೂ ಇಲ್ಲ.

ಆಮೇಲೆ ನಡೆದ ಜಗಳ ಕೇಳಬೇಕಿತ್ತು.

"ನಮ್ಮ ಊರ ಹೆಸ್ರು ನಂಗೆ ಬರೂದಿಲ್ವಾ? ನಾ ಬರ್ದದ್ದೇ ಸರಿ," ಎಂದ ಗಣಪತಿ.

"ನಕ್ಷೆ ನೋಡು. ನಾ ಬರ್ದದ್ದು ಸರಿ."

"ನಕ್ಷೆ ಬರ್ದಂವ ಬೇಲಿಕೇರಿಗೆ ಬಂದಿದ್ನಾ?"

"ಸರಿ ಯಾವ್ದು ಅಂತ ಅಲ್ಲ ಮಾರಾಯಾ, ಒಂದೇ ಇರ್ಬೇಕು ಅಷ್ಟೇ!" ಎಂದು ಅವಳು ಮೇಜು ಬಡಿದಳು. ಆಮೇಲೆ ಇಬ್ಬರೂ ನಕ್ಕರು. ನಾನು ನಗಲಿಲ್ಲ. ಹಲಗೆ ಸರಿಯಾಗದೆ ನನಗೆ ನಗು ಬರುವ ಹಾಗಿರಲಿಲ್ಲ.

ಸರಿ ಮಾಡಲು ಬೇಕಾದದ್ದು ಒಂದು ಗೇಣು ತಂತಿ. ಹಲಗೆಯ ಬೆನ್ನ ಮೇಲೆ ಆ ಊರಿಂದ ಈ ಊರಿಗೆ ಒಂದು ತಂತಿ ಹಾಯಿಸಿ, ಎರಡು ತುದಿಗೂ ಬೆಸುಗೆ ಹಾಕಿದಳು. ಹೊಗೆ ಎದ್ದಿತು. ಎಲೆಅಡಿಕೆಯ ಕವಳ ಹಾಕಿ ಉಗಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಹಲಗೆ ಸರಿಯಾಯಿತಲ್ಲ, ನಡಿ ಎಂದೆ. ಅವಳು ಏಳಲಿಲ್ಲ. ಮೊದಲು ಚಿತ್ರ ತೆರೆದು, ಎರಡೂ ಕಡೆ ಹೆಸರು ಒಂದೇ ಮಾಡಿ, ಮತ್ತೆ ಪಟ್ಟಿ ತೆಗೆದು, ಹೆಸರು ಈಗ ಒಂದೇ ಸಲ ಬಂದಿದೆಯೇ ಎಂದು ನೋಡಿದಳು. ನಾಳೆ ಯಾರಾದರೂ ಇದೇ ಹಲಗೆ ಕೇಳಿದರೆ ತಪ್ಪು ಮತ್ತೆ ಹುಟ್ಟಬಾರದಲ್ಲ ಎಂದಳು. ಇಟ್ಟದ್ದು ಗಣಪತಿಯ ಅಕ್ಷರ.

"ನಿನ್ನ ಊರು, ನಿನ್ನ ಅಕ್ಷರ. ಹಣಕೋಣಕ್ಕೆ ಹಲಗೆ ಮಾಡುವಾಗ ನೀ ಬಾಯಿ ಬಿಡ್ಬಾರ್ದು," ಎಂದಳು.

ಸಂಜೆಗೆ ಮೊದಲೇ ಮೂರೂ ಬಾಗಿಲಿಗೆ ಮತ್ತೆ ಬಕೆಟ್ಟು ಹೋಯಿತು. ಮೂರೂ ದೀಪ ಹತ್ತಿದವು. ಬೊಮ್ಮಯ್ಯ ಗಂಟೆಯ ಹತ್ತಿರ ಬಂದು ಹಲಗೆಯನ್ನು ಬಗ್ಗಿ ನೋಡಿದ.

"ಎಂತಾ ಆಗಿತ್ತು?"

"ಮಳೆ ಅಲ್ವಾ ಬೊಮ್ಮಯ್ಯಣ್ಣ, ತಂತಿ..." ಎಂದು ಗಣಪತಿ ಶುರುಮಾಡಿದ.

ಶಾಲಿನಿ ತಡೆದಳು. "ತಂತಿ ಅಲ್ಲ. ನಮ್ಮ ಚಿತ್ರದಲ್ಲೇ ತಪ್ಪಿತ್ತು. ಒಂದೇ ಊರಿನ ಹೆಸರು ಎರಡು ತರ ಬರೆದಿದ್ವಿ."

ಕೇರಿಯವರು ಗೊಳ್ಳೆಂದರು. ಓದಿದವರಿಗೆ ಬೇಲೆಕೇರಿ ಬರೆಯಲಿಕ್ಕೆ ಬರುವುದಿಲ್ಲ ಎಂದು ಒಬ್ಬ ಕುಹಕವಾಡಿದ. ಅವಳೂ ಅವರ ಜೊತೆ ನಕ್ಕಳು. ನಾನು ನೋಡುತ್ತಲೇ ಇದ್ದೆ. ಬಾಗಿಲು ಮಾಡುವ ಬಡಗಿಗಳನ್ನು ನೋಡಿದ್ದೇನೆ, ಒಡ್ಡು ಕಟ್ಟಿಸುವ ಸಾಹೇಬರನ್ನು ನೋಡಿದ್ದೇನೆ. ಕೆಟ್ಟಾಗ ಮರದ ತಪ್ಪು, ಮಣ್ಣಿನ ತಪ್ಪು, ಭರತಿಯ ತಪ್ಪು, ಮೊದಲಿದ್ದವನ ತಪ್ಪು. ಮಳೆಯ ಮೇಲೆ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ, ಮಳೆಯೂ ಬಂದು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಇವಳು "ನಮ್ಮ" ಎಂದಳು. ನಿನ್ನದು ನನ್ನದು ಎಂದು ಬಿಡಿಸಿ ಹೇಳಲೂ ಇಲ್ಲ. ಜಗಳವೆಲ್ಲ ಅಂಗಡಿಯೊಳಗೇ ಮುಗಿದಿತ್ತು.

ಬೊಮ್ಮಯ್ಯ ಮಾತ್ರ ನಗಲಿಲ್ಲ. "ಬಕೆಟ್ಟಿನ ನೀರಿಗೆ ಹೊಡೀತು. ಅಮಾಸೆ ನೀರಿಗೆ ಹೊಡೀಲಿ, ಆಮೇಲೆ ನೋಡುವ," ಎಂದು ಕೊಡೆ ಬಿಚ್ಚಿ ಹೋದ.

ಬಿತ್ತನೆ ಆಯಿತು. ಗದ್ದೆಯಲ್ಲಿ ಮೊಳಕೆ ಸೂಜಿಯಷ್ಟು ಎದ್ದಿತು. ಅಮಾವಾಸ್ಯೆಯ ದಿನ ಮಧ್ಯಾಹ್ನದ ಹೊತ್ತಿಗೆ ಭರತಿ ಏರುತ್ತಿತ್ತು. ಗಾಳಿ ಜೋರಾಗಿತ್ತು. ನಾನು ಜಗಲಿಯಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದೆ. ಗಂಟೆ ಹೊಡೆಯಿತು. ಕೈಯಲ್ಲಿದ್ದ ಸಿಗಡಿ ಎಲ್ಲಿ ಬಿತ್ತೋ. ನೋಡಿದರೆ ಹಳದಿ ದೀಪ.

ಕೋಲು ಹಿಡಿದು ಹೊರಟೆ. ಆ ಗಂಟೆಯ ಸದ್ದು ಸಣ್ಣದಲ್ಲ, ಕಾರವಾರದಲ್ಲಿ ಆರಿಸಿ ತಂದದ್ದು. ಬೊಮ್ಮಯ್ಯನೂ ಊಟದ ಕೈಯಲ್ಲೇ ಓಡಿ ಬಂದ. ಬೇಲೆಕೇರಿ ಬಾಗಿಲಿಗೆ ಒಂದು ಇಡೀ ತೆಂಗಿನ ಹೆಡೆ ಅಡ್ಡ ಸಿಕ್ಕಿ, ಬಾಗಿಲು ಕೈಯಗಲ ತೆರೆದುಕೊಂಡಿತ್ತು. ಹೊಳೆಯ ನೀರು ಹಾವಿನ ಹಾಗೆ ಒಳಗೆ ಬರುತ್ತಿತ್ತು. ನಾನು ಮೇಲಿನಿಂದ ಕೋಲು ತೂರಿ ಮೀಟಿದೆ. ಅವನು ಸೊಂಟದ ನೀರಿಗೆ ಇಳಿದು ಹೆಡೆಯನ್ನು ಎಳೆದ.

"ಜಗ್ಗು! ಅನ್ನ ತಿಂದದ್ದು ಎಲ್ಲಿ ಹೋತು?" ಎಂದೆ.

"ಅರ್ಧ ತಿಂದದ್ದು ಮಾರಾಯ್ತಿ, ಅಷ್ಟೊತ್ತಿಗೆ ನಿನ್ನ ಗಂಟೆ ಹೊಡೀತು!"

ಹೆಡೆ ಕಿತ್ತು ಬಂತು. ನೀರೇ ಬಾಗಿಲನ್ನು ದೂಡಿ ದಡಾರನೆ ಮುಚ್ಚಿತು. ಅವನು ಒಡ್ಡಿನ ಮೇಲೆ ಹತ್ತಿ ಗದ್ದೆಯ ಕಡೆ ನೋಡಿದ. ಉಪ್ಪುನೀರು ಬಾಗಿಲ ಹತ್ತಿರದ ಹೊಂಡದಲ್ಲೇ ನಿಂತಿತ್ತು, ಮೊಳಕೆಯವರೆಗೆ ಹೋಗಿರಲಿಲ್ಲ. ನಡೆದು ನೋಡುವ ಕಾಲವಾಗಿದ್ದರೆ ನಾನು ದೊಡ್ಡ ಬಾಗಿಲಿನಿಂದ ಶುರುಮಾಡಿ ಇಲ್ಲಿಗೆ ಬರುವಾಗ ಗದ್ದೆಯಲ್ಲಿ ಮೀನು ಓಡುತ್ತಿತ್ತು. ನನ್ನ ಕಾಲೇ ಬೇಡ, ಅವನ ತಮ್ಮನ ಮಗನ ಕಾಲಾದರೂ ಅಷ್ಟೇ.

ಬೊಮ್ಮಯ್ಯ ಪಂಚೆ ಹಿಂಡಿಕೊಂಡ. ಎಂಜಲು ಕೈಯನ್ನು ಹೊಳೆಯಲ್ಲಿ ತೊಳೆದ.

"ಬಾಗ್ಲು ನಿಂದು. ಬಲೆಯೂ ನಿಂದು," ಎಂದ. "ನೀ ಇರುತನಕ ಯಾರೂ ಕೇಳುದಿಲ್ಲ."

ನೀರು ಇಳಿಯುವಾಗ ಬಲೆ ಕಟ್ಟಿದೆ. ಬಿದ್ದದ್ದರಲ್ಲಿ ದೊಡ್ಡ ಸಿಗಡಿ ಆರಿಸಿ, ಸಂಜೆಯ ಬಸ್ಸಿಗೆ ಅಂಗಡಿಗೆ ಹೋದೆ. ಗಂಟೆ ಹೊಡೆದದ್ದು, ಹೆಡೆ ಸಿಕ್ಕಿದ್ದು, ಬೊಮ್ಮಯ್ಯ ಹೇಳಿದ್ದು ಎಲ್ಲ ಹೇಳಿದೆ. ಗಣಪತಿ ಕುರ್ಚಿಯಿಂದ ಎದ್ದು ಕುಣಿದ. ಶಾಲಿನಿ "ಬರೇಂ ಜಾಲೆಂ ಮಾವಶಿ, ಒಳ್ಳೇದಾಯ್ತು" ಎಂದಳು. ಆಮೇಲೆ ಗಂಟೆ ಹೊಡೆಯುವಾಗ ನೀರು ಸರಳಿನ ಎಲ್ಲಿಯವರೆಗೆ ಬಂದಿತ್ತು, ಬಾಗಿಲು ಮುಚ್ಚಿದ ಮೇಲೆ ಗಂಟೆ ತಾನೇ ನಿಂತಿತೋ ನೀವು ನಿಲ್ಲಿಸಿದಿರೋ ಎಂದು ಕೇಳತೊಡಗಿದಳು. ಎಲ್ಲ ಕೇಳಿಕೊಂಡು ಸೀರೆಯ ತುಂಡು ಸರಿಸಿ, ಐಸ್ ಫ್ಯಾಕ್ಟರಿಯ ಚಿತ್ರ ತೆರೆದು ಕೂತಳು. ಫ್ಯಾಕ್ಟರಿಯವನು ಮತ್ತೆ ಬಂದು ಉಗಿದು ಹೋಗಿದ್ದನಂತೆ.

ಮರುದಿನ ಬೆಳಿಗ್ಗೆ ನಾನು ಏಳಲಿಲ್ಲ. ರಾತ್ರಿಯ ಭರತಿ ಬಂದು ಹೋಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಬಿಸಿಲು ಹಂಚಿನ ಸಂದಿಯಿಂದ ಮುಖಕ್ಕೆ ಬಿದ್ದರೂ ಚಾಪೆಯ ಮೇಲೇ ಇದ್ದೆ. ಒಡ್ಡಿನ ಮೇಲೆ ನನ್ನನ್ನು ಕಾಣದೆ ಬೊಮ್ಮಯ್ಯ ಬಂದು ಮನೆಯ ಬಾಗಿಲು ಬಡಿದ.

"ಏ ಹೊನ್ನಮ್ಮಾ! ಎಂತಾ ಆತೇ ನಿಂಗೆ? ಇದ್ದೆಯೋ ಸತ್ತೆಯೋ?"

"ಗಂಟೆ ಹೊಡೀತಾ?" ಎಂದು ಒಳಗಿನಿಂದಲೇ ಕೇಳಿದೆ.

"ಇಲ್ಲ."

"ಮತ್ತೆ ನೀ ಎಂತಕೆ ಹೊಡಿತೆ?" ಎಂದು ಮಗ್ಗುಲು ತಿರುಗಿ, ಇನ್ನೂ ಸ್ವಲ್ಪ ಹೊತ್ತು ಮಲಗಿದೆ.